ಗಾಂಜಾ, ಕುಡಿತ ಮತ್ತು ನಮ್ಮ ಮಕ್ಕಳು: ಸ್ನಾನಿಕ ಯೊವಾನ್ನರ ಜನನೋತ್ಸವದ ಪ್ರಬೋಧನೆ



ಇಂದು, ಜೂನ್ 24ರಂದು, ಧರ್ಮಸಭೆ ಸ್ನಾನಿಕ ಯೊವಾನ್ನರ ಜನನೋತ್ಸವವನ್ನು ಸಂಭ್ರಮದಿಂದ ಆಚರಿಸುತ್ತಿದೆ. ಸಾಮಾನ್ಯವಾಗಿ ಸಂತರ ಹಬ್ಬವನ್ನು ಅವರು ಪರಲೋಕಕ್ಕೆ ಹುಟ್ಟಿದ ದಿನ, ಅಂದರೆ ಮರಣದ ದಿನ ಆಚರಿಸುತ್ತೇವೆ. ಪ್ರಭು ಯೇಸು ಮತ್ತು ಮಾತೆ ಮರಿಯಮ್ಮನವರನ್ನು ಬಿಟ್ಟರೆ, ಭೂಮಿಯ ಮೇಲೆ ಹುಟ್ಟಿದ ದಿನವೇ ಹಬ್ಬವಾಗಿರುವುದು ಯೊವಾನ್ನರಿಗೆ ಮಾತ್ರ. ಅವರು ತಾಯಿಯ ಗರ್ಭ ಸೇರುವ ಮೊದಲೇ ದೇವದೂತ ಗೇಬ್ರಿಯೇಲ್ ತಂದೆ ಜಕರೀಯನಿಗೆ ಅನೇಕ ವಿಷಯಗಳನ್ನು ತಿಳಿಸಿದ. ಅವುಗಳಲ್ಲಿ ಒಂದು, ಈ ಮಗುವಿನ ಬದುಕಿನಲ್ಲಿ ಮದ್ಯಕ್ಕೆ ಜಾಗವಿಲ್ಲ ಎಂಬುದು.

ಇನ್ನೆರಡು ದಿನಕ್ಕೆ, ಜೂನ್ 26ರಂದು, ಮಾದಕ ವಸ್ತುಗಳ ವಿರುದ್ಧದ ಅಂತರರಾಷ್ಟ್ರೀಯ ದಿನ. 1987ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ ದಿನವಿದು. ಶಾಲೆ ಕಾಲೇಜುಗಳು ತೆರೆದಿರುವ ಸಮಯವೂ ಹೌದು. ಮಹಾಗಾಂವ, ಕಮಲಾಪುರದ ಮಕ್ಕಳು ಬಸ್ಸು ಹತ್ತಿ ಕಲಬುರಗಿಯ ಕಾಲೇಜುಗಳಿಗೆ ಹೋಗಿಬರುತ್ತಾರೆ. ಅವರ ದಾರಿಯಲ್ಲಿ ಏನಿದೆ ಎಂದು ಈ ಹಬ್ಬದ ದಿನ ನಾವೆಲ್ಲ ಸೇರಿ ಯೋಚಿಸೋಣ.

ಮಕ್ಕಳ ಬಾಯಲ್ಲಿ ಈಗ ಒಂದು ಮಾತಿದೆ: "ಗಾಂಜಾ ಅಂದ್ರ ಗಿಡ ಅದ, ಸೆರೆಕಿಂತ ಛಲೋ ಅಲ್ಲೇನು?" ದೊಡ್ಡವರ ಬಾಯಲ್ಲಿ ಇನ್ನೊಂದು ಮಾತು: "ನಮ್ಮ ಹುಡುಗ ಹಬ್ಬಕ್ಕೊಂದು ಬೀರ್ ಕುಡಿತಾನ ಖರೆ, ಗಾಂಜಾ ಗೀಂಜಾ ಮುಟ್ಟಂಗಿಲ್ಲ." ಎರಡೂ ಮಾತು ಒಂದೇ. ತನ್ನ ವಿಷ ಚಿಕ್ಕದು, ಇನ್ನೊಬ್ಬನ ವಿಷ ದೊಡ್ಡದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವುದು.

ಗಾಂಜಾ ದೂರದ ಊರಿನ ಸುದ್ದಿ ಎಂದು ನಾವು ತಿಳಿಯುವ ಹಾಗಿಲ್ಲ. 2020ರ ಸೆಪ್ಟೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಕಾಳಗಿ ತಾಲ್ಲೂಕಿನ ತಾಂಡಾವೊಂದರ ಬಳಿ, ಕುರಿ ಸಾಕುವ ಜಾಗದ ನೆಲದಡಿಯಲ್ಲಿ ಬಚ್ಚಿಟ್ಟಿದ್ದ ಸುಮಾರು 1,350 ಕಿಲೋ ಗಾಂಜಾವನ್ನು ಬೆಂಗಳೂರಿನ ಪೊಲೀಸರು ಬಂದು ವಶಪಡಿಸಿಕೊಂಡರು. ಅದು ಒಡಿಶಾದಿಂದ ಬಂದ ಮಾಲು. 2022ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಗಡಿಯಲ್ಲಿ ಗಾಂಜಾ ದಂಧೆಯವರ ಬೆನ್ನು ಹತ್ತಿ ಹೋದ ಕಲಬುರಗಿಯ ಪೊಲೀಸ್ ಅಧಿಕಾರಿಯೊಬ್ಬರ ಮೇಲೆ ಗುಂಪು ಹಲ್ಲೆ ನಡೆಸಿತು. ಅವರು ಸಾವು ಬದುಕಿನ ನಡುವೆ ಹೋರಾಡಬೇಕಾಯಿತು. ಒಬ್ಬ ವಿದ್ಯಾರ್ಥಿಯ ಕೈಗೆ ಬರುವ ಚಿಕ್ಕ ಪೊಟ್ಟಣದ ಹಿಂದೆ ಇಷ್ಟೆಲ್ಲ ಇದೆ.

ಹಾಗಾದರೆ ಮಕ್ಕಳ ಪ್ರಶ್ನೆಗೆ ಉತ್ತರವೇನು? ಅವರಿಗೆ ಸತ್ಯವನ್ನೇ ಹೇಳಬೇಕು. ಹೆದರಿಸಲು ಒಂದು ಸುಳ್ಳು ಹೇಳಿದರೆ, ನಮ್ಮ ಉಳಿದ ನಿಜವನ್ನೂ ಅವರು ನಂಬುವುದಿಲ್ಲ.

ಬೇಗನೆ ಕೊಲ್ಲುವುದು ಕುಡಿತ. ಒಂದೇ ಸಲ ವಿಪರೀತ ಕುಡಿದರೆ ಉಸಿರಾಟವೇ ನಿಲ್ಲಬಹುದು. ಅಭ್ಯಾಸವಿಲ್ಲದ ಎಳೆಯ ದೇಹಕ್ಕೆ ಈ ಅಪಾಯ ಇನ್ನೂ ಹೆಚ್ಚು. ಕುಡಿದು ಬೈಕ್ ಓಡಿಸಿ ಹೆದ್ದಾರಿಯಲ್ಲಿ ಬೀಳುವವರು, ಜಗಳಕ್ಕೆ ನಿಂತು ಚಾಕು ಎತ್ತುವವರು, ಬಾವಿ ಕೆರೆಗೆ ಇಳಿದು ಮೇಲೆ ಬಾರದವರು ಎಷ್ಟೋ ಮಂದಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ 26 ಲಕ್ಷ ಜನ ಮದ್ಯದ ಕಾರಣದಿಂದ ಸತ್ತರು. ಸುರಕ್ಷಿತ ಪ್ರಮಾಣ ಎಂಬುದು ಮದ್ಯಕ್ಕೆ ಇಲ್ಲ ಎಂದು ಅದೇ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿತು.

ಗಾಂಜಾ ಹೀಗೆ ಒಂದೇ ರಾತ್ರಿಯಲ್ಲಿ ಕೊಲ್ಲುವುದು ಬಹಳ ಅಪರೂಪ. ಆದರೆ ಅದು ಬೆಳೆಯುವ ಮಿದುಳಿಗೇ ಕೈಹಾಕುತ್ತದೆ. ನೆನಪಿನ ಶಕ್ತಿ ಕುಂದುತ್ತದೆ, ಓದಿನ ಮೇಲೆ ಮನಸ್ಸು ನಿಲ್ಲುವುದಿಲ್ಲ, ಯಾವುದರಲ್ಲೂ ಆಸಕ್ತಿ ಉಳಿಯುವುದಿಲ್ಲ. ಕೆಲವರಲ್ಲಿ ಇಲ್ಲದ ಧ್ವನಿ ಕೇಳುವುದು, ಎಲ್ಲರೂ ತನ್ನ ಮೇಲೆ ಸಂಚು ಮಾಡುತ್ತಿದ್ದಾರೆಂಬ ಭಯ ಮುಂತಾದ ಮಾನಸಿಕ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಸ್ವೀಡನ್ ದೇಶದಲ್ಲಿ ಸೇನೆಗೆ ಕರೆಬಂದ 45,000ಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿದ ಅಧ್ಯಯನವೊಂದು 1987ರಲ್ಲಿ ಪ್ರಕಟವಾಯಿತು. 18ರೊಳಗೆ 50ಕ್ಕೂ ಹೆಚ್ಚು ಸಲ ಗಾಂಜಾ ಬಳಸಿದವರಲ್ಲಿ ಸ್ಕಿಜೋಫ್ರೇನಿಯಾ ಕಾಯಿಲೆ ಬಳಸದವರಿಗಿಂತ ಆರು ಪಟ್ಟು ಕಂಡುಬಂದಿತ್ತು. ಸೇದಿದವರಿಗೆಲ್ಲ ಇದು ಬರುತ್ತದೆಂದಲ್ಲ. ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ಆದರೆ ಯಾರಿಗೆ ಬರುತ್ತದೆಂದು ಮೊದಲೇ ಯಾರೂ ಹೇಳಲಾರರು.

ಎರಡರ ದಾರಿ ಬೇರೆಯಾದರೂ ಒಂದು ವಿಷಯದಲ್ಲಿ ಅವು ಅಣ್ಣತಮ್ಮಂದಿರು: ಎಷ್ಟು ಎಳೆಯ ವಯಸ್ಸಿನಲ್ಲಿ ಆರಂಭವೋ ಹಿಡಿತ ಅಷ್ಟು ಬಿಗಿ. ಗಾಂಜಾ ಬಳಸುವ ಸುಮಾರು ಹತ್ತು ಜನರಲ್ಲಿ ಒಬ್ಬ ಅದರ ದಾಸನಾಗುತ್ತಾನೆ. ಹದಿಹರೆಯದಲ್ಲೇ ಆರಂಭಿಸಿದವರಲ್ಲಿ ಆರಕ್ಕೆ ಒಬ್ಬ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 15 ತುಂಬುವ ಮೊದಲೇ ಕುಡಿಯತೊಡಗಿದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಮುಂದೆ ಕುಡಿತಕ್ಕೆ ದಾಸರಾದರು. 20ರ ನಂತರ ಆರಂಭಿಸಿದವರಲ್ಲಿ ಸುಮಾರು 10 ಮಂದಿ ಮಾತ್ರ. ಮಿದುಳಿನಲ್ಲಿ ತಾಳ್ಮೆ, ವಿವೇಕ, ಮುಂದಾಲೋಚನೆಗಳ ಭಾಗ ಪೂರ್ತಿ ಬಲಿಯಲು 25 ವರ್ಷ ಬೇಕೆನ್ನುತ್ತಾರೆ ವೈದ್ಯರು. ಆದ್ದರಿಂದ ಪ್ರಿಯರೇ, ಮಗು ಕಾದ ಒಂದೊಂದು ವರ್ಷವೂ ಒಂದೊಂದು ಕಾವಲು. ಯೊವಾನ್ನರು ಬೆಳೆದದ್ದು ಹೀಗೆಯೇ. ಜನರ ಮುಂದೆ ಬರುವ ದಿನದವರೆಗೆ ಅವರು ಬೆಂಗಾಡಿನಲ್ಲಿದ್ದು ಆತ್ಮದಲ್ಲಿ ಬಲಗೊಂಡರು ಎನ್ನುತ್ತಾರೆ ಸಂತ ಲೂಕರು.

ಕೆಲವರು ಕೇಳಬಹುದು: "ಕಾನಾ ಊರಿನ ಮದುವೆಯಲ್ಲಿ ಸ್ವಾಮಿಯೇ ದ್ರಾಕ್ಷಾರಸ ಮಾಡಿಕೊಟ್ಟರಲ್ಲ?" ಹೌದು. ಧರ್ಮಸಭೆ ದ್ರಾಕ್ಷಾರಸವನ್ನು ಪಾಪವೆಂದು ಕರೆದಿಲ್ಲ. ಬಲಿಪೀಠದ ಮೇಲೆ ಅದನ್ನೇ ಅರ್ಪಿಸುತ್ತೇವೆ. ಅದು ಖಂಡಿಸುವುದು ಅತಿಯನ್ನು, ಕುಡಿದು ವಾಹನ ಓಡಿಸಿ ಇತರರ ಜೀವಕ್ಕೆ ಸಂಚಕಾರ ತರುವುದನ್ನು. ಚಿಕಿತ್ಸೆಗಲ್ಲದೆ ಮಾದಕ ವಸ್ತು ಬಳಸುವುದನ್ನಂತೂ ಗಂಭೀರ ಅಪರಾಧವೆಂದೇ ಅದರ ಧರ್ಮೋಪದೇಶ ಹೇಳುತ್ತದೆ. ಯೊವಾನ್ನರು ಮದ್ಯ ಮುಟ್ಟಲಿಲ್ಲ, ಯೇಸು ಜನರೊಂದಿಗೆ ಊಟಕ್ಕೆ ಕುಳಿತರು. ಇಬ್ಬರಲ್ಲಿ ಯಾರೂ ಯಾವುದಕ್ಕೂ ದಾಸರಾಗಿರಲಿಲ್ಲ. ನಮ್ಮ ಮಕ್ಕಳಿಗೂ ಆ ಸ್ವಾತಂತ್ರ್ಯವೇ ಬೇಕು.

ಇನ್ನು ನಮ್ಮ ಮನೆಗಳ ಕಡೆ ನೋಡೋಣ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಂತಿತೇ? ಬಾಟಲಿ ಬದಲಾಯಿತು, ಅಷ್ಟೆ. ಸ್ನಾನದೀಕ್ಷೆಯ ಊಟದಲ್ಲಿ, ಪ್ರಥಮ ಪರಮಪ್ರಸಾದದ ಸಂಭ್ರಮದಲ್ಲಿ, ಮನೆಯ ಹಿಂದೆ ಗ್ಲಾಸುಗಳ ಸದ್ದು ಕೇಳಿಸುವುದಿಲ್ಲವೇ? "ಹೋಗೋ ತಮ್ಮ, ಅಂಗಡಿಯಿಂದ ಸೋಡಾ ತಗೊಂಡ್ ಬಾ" ಎಂದು ಹತ್ತು ವರ್ಷದ ಹುಡುಗನನ್ನು ಕಳಿಸುವುದಿಲ್ಲವೇ? ಕೈಯಲ್ಲಿ ಗ್ಲಾಸು ಹಿಡಿದು ಗಾಂಜಾದ ಕೆಡುಕು ಬೋಧಿಸಿದರೆ ಮಗ ನಮ್ಮ ಮಾತನ್ನು ಕೇಳುವುದಿಲ್ಲ, ನಮ್ಮ ಕೈಯನ್ನು ನೋಡುತ್ತಾನೆ. ಮಗುವಿಗೆ ಮದ್ಯವನ್ನಾಗಲಿ ಮಾದಕ ವಸ್ತುವನ್ನಾಗಲಿ ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆ ಏಳು ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷದವರೆಗೆ ದಂಡ ವಿಧಿಸುತ್ತದೆ. ಈ ಕಾನೂನಿನ ಕಣ್ಣಲ್ಲಿ ಎರಡೂ ಒಂದೇ.

ಈಗಾಗಲೇ ಬಿದ್ದ ಮಕ್ಕಳಿದ್ದರೆ? ಐರ್ಲೆಂಡಿನ ಮ್ಯಾಟ್ ಟಾಲ್ಬಟ್ ಅವರನ್ನು ನೆನೆಯೋಣ. 1856ರಲ್ಲಿ ಡಬ್ಲಿನ್ನಿನ ಬಡ ಮನೆಯಲ್ಲಿ ಹುಟ್ಟಿದ ಅವರು 12ನೆಯ ವಯಸ್ಸಿಗೇ ಮದ್ಯದ ವ್ಯಾಪಾರಿಯ ಬಳಿ ಕೆಲಸಕ್ಕೆ ಸೇರಿ ಕುಡಿತ ಕಲಿತರು. ಹದಿನಾರು ವರ್ಷ ಅದರಲ್ಲೇ ಮುಳುಗಿದ್ದರು. 28ನೆಯ ವಯಸ್ಸಿನಲ್ಲಿ ಕುಡಿಯುವುದಿಲ್ಲವೆಂದು ದೇವರ ಮುಂದೆ ಪ್ರತಿಜ್ಞೆ ಮಾಡಿದರು, ಮೊದಲು ಮೂರು ತಿಂಗಳಿಗೆ ಮಾತ್ರ. ಆ ಮೂರು ತಿಂಗಳು ಬೆಳೆದು ಜೀವನಪೂರ್ತಿ ಆಯಿತು. 1925ರಲ್ಲಿ ತೀರಿಕೊಂಡ ಆ ಕೂಲಿಕಾರರನ್ನು ಧರ್ಮಸಭೆ 1975ರಲ್ಲಿ 'ಪೂಜ್ಯ'ರೆಂದು ಸಾರಿತು. ಚಿಕ್ಕ ಹೆಜ್ಜೆಯಿಂದಲೇ ದೇವರು ಕೆಲಸ ಆರಂಭಿಸುತ್ತಾರೆ.

ಪ್ರಾರ್ಥನೆಯ ಜೊತೆಗೆ ಔಷಧವೂ ಬೇಕು. ವ್ಯಸನ ಒಂದು ಕಾಯಿಲೆ. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಹೆಚ್ಚುತ್ತದೆ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. 14416ಕ್ಕೆ ಕರೆಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ವ್ಯಸನಮುಕ್ತಿಗೆಂದೇ 14446 ಇದೆ. ಸಣ್ಣ ಪ್ರಮಾಣದ ಗಾಂಜಾದೊಂದಿಗೆ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆಯುಳ್ಳ ಕೇಂದ್ರದಲ್ಲಿ ಚಿಕಿತ್ಸೆ ಪೂರೈಸಿದರೆ ಮೊಕದ್ದಮೆಯಿಂದ ವಿನಾಯಿತಿ ಕೊಡಲು ಕಾನೂನಿನಲ್ಲೇ ದಾರಿಯಿದೆ.

ಪ್ರಿಯರೇ, ದೇವದೂತನ ಮಾತನ್ನು ನಂಬದ ಜಕರೀಯ ತಿಂಗಳುಗಟ್ಟಲೆ ಮೂಕನಾಗಿದ್ದ. ಮಗುವಿಗೆ ದೇವರು ಕೊಟ್ಟ ಹೆಸರನ್ನು ಹಲಗೆಯ ಮೇಲೆ ಬರೆದ ಕೂಡಲೇ ಅವನ ನಾಲಿಗೆ ಸಡಿಲವಾಯಿತು. ನಮ್ಮಲ್ಲೂ ಎಷ್ಟೋ ತಂದೆಯರು ಬೆಳೆದ ಮಗನ ಮುಂದೆ ಮೂಕರು. ಬಾಯಿ ಬಿಟ್ಟರೆ ಬೈಗುಳ ಮಾತ್ರ. ಇಂದು ರಾತ್ರಿ ಜಪಸರದ ನಂತರ ಮಗನನ್ನೋ ಮಗಳನ್ನೋ ಹೆಸರು ಹಿಡಿದು ಕರೆಯಿರಿ, ಪಕ್ಕದಲ್ಲಿ ಕೂರಿಸಿಕೊಳ್ಳಿರಿ, "ಹೆಂಗ ಅದಿ? ಗೆಳೆಯರು ಯಾರ್ಯಾರು?" ಎಂದು ಕೇಳಿರಿ, ಪೂರ್ತಿ ಕೇಳಿಸಿಕೊಳ್ಳಿರಿ. ಮುಂದಿನ ಹಬ್ಬದ ಊಟದಲ್ಲಿ ಬಾಟಲಿ ಇರುವುದಿಲ್ಲವೆಂದು ಅವರ ಮುಂದೆಯೇ ಹೇಳಿರಿ. ಸ್ನಾನಿಕ ಯೊವಾನ್ನರೇ, ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಿರಿ. ಆಮೆನ್.