ಬಚ್ಚಲುಮನೆಯ ಮೂರ್ಛೆ, ನಿತ್ಯದ ಮಾತ್ರೆ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಆರೋಗ್ಯ ಸಭೆಯಲ್ಲಿ ವೈದ್ಯರ ತಂಡದ ಪರವಾಗಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ಒಗ್ಗಟ್ಟಿನಿಂದ ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ. ನಿಮಗೆಲ್ಲ ನಮ್ಮ ಹಾರ್ದಿಕ ಅಭಿನಂದನೆಗಳು. ಈ ಸಂತೋಷದ ದಿನ ರೋಗದ ಮಾತೇಕೆ ಅಂತ ನೀವು ಕೇಳಬಹುದು. ಸಾಲ, ಬೀಜ, ಗೊಬ್ಬರದ ವಿಷಯವನ್ನು ನಾವು ಅರಳಿಕಟ್ಟೆ ಮೇಲೆ ಕೂತು ಮಾತಾಡ್ತೇವೆ. ಮನೆಯಲ್ಲಿ ಒಬ್ಬರಿಗೆ ಮೂರ್ಛೆರೋಗ ಇದ್ದರೆ ಮಾತ್ರ ಬಾಯಿ ಬಿಡೋದಿಲ್ಲ. ಆ ಮೌನ ಮುರಿಯಲಿ ಎಂಬುದೇ ಇಂದಿನ ನಮ್ಮ ಕೋರಿಕೆ.

ಮೂರ್ಛೆರೋಗ, ಅಂದರೆ ಜನ ಫಿಟ್ಸ್ ಅನ್ನೋದು, ಮಿದುಳಿನ ಕಾಯಿಲೆ. ಮಿದುಳಿನ ಕೋಟ್ಯಂತರ ನರಕೋಶಗಳು ಅತಿ ಸೂಕ್ಷ್ಮ ವಿದ್ಯುತ್ತಿನ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಬಹಳಷ್ಟು ಕೋಶಗಳು ಒಮ್ಮೆಗೇ ಹದ ತಪ್ಪಿದಾಗ ಮೈ ಸೆಟೆಯುತ್ತದೆ, ಪ್ರಜ್ಞೆ ತಪ್ಪುತ್ತದೆ. ಇದು ದೆವ್ವವಲ್ಲ, ಶಾಪವಲ್ಲ, ಅಂಟುರೋಗವೂ ಅಲ್ಲ.

1993ರಿಂದ 1995ರವರೆಗೆ ನಿಮ್ಹಾನ್ಸ್ ಸಂಸ್ಥೆಯವರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿದರು. ನಗರದಲ್ಲಿ ಸಾವಿರಕ್ಕೆ ಸುಮಾರು 6 ಮಂದಿಗೆ ಮೂರ್ಛೆರೋಗ ಇದ್ದರೆ, ಹಳ್ಳಿಗಳಲ್ಲಿ ಸುಮಾರು 12 ಮಂದಿಗೆ ಇತ್ತು. ಇದು ಪಟ್ಟಣಕ್ಕಿಂತ ನಮ್ಮ ಹಳ್ಳಿಯವರನ್ನೇ ಹೆಚ್ಚು ಕಾಡುವ ರೋಗ.

ನಮ್ಮ ಸೀಮೆಗೆ ಇನ್ನೊಂದು ವಿಶೇಷವುಂಟು: ಬಿಸಿನೀರಿನ ಮೂರ್ಛೆ. ದಕ್ಷಿಣ ಭಾರತದ ಇಂಥ ರೋಗಿಗಳ ಬಗ್ಗೆ 1968ರಲ್ಲೇ ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ವರದಿ ಮಾಡಿದ್ದರು. ಹಂಡೆಯ ಬಿಸಿನೀರನ್ನು ತಂಬಿಗೆ ಮೇಲೆ ತಂಬಿಗೆ ತಲೆಗೆ ಹುಯ್ದುಕೊಳ್ಳುವುದು ನಮ್ಮ ಪದ್ಧತಿ. ಆ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹೀಗೆ ಹುಯ್ಯುವಾಗ ಕೆಲವರಿಗೆ ಕಣ್ಣು ನೆಟ್ಟಂತಾಗಿ, ಮಾತು ತೊದಲಿ ಫಿಟ್ಸ್ ಬರುತ್ತದೆ. ಕೆಲವರಂತೂ ಏನೋ ಹಿತವೆನಿಸಿ, ನಿಲ್ಲಿಸಲಾರದೆ ಹುಯ್ದುಕೊಳ್ಳುತ್ತಲೇ ಇರ್ತಾರೆ. ನಿಮ್ಹಾನ್ಸ್‌ನಲ್ಲಿ ಇಲಿಗಳ ತಲೆಗೆ ಬಿಸಿನೀರು ಹುಯ್ದು ಪ್ರಯೋಗ ಮಾಡಿದಾಗ, ಸಲದಿಂದ ಸಲಕ್ಕೆ ಫಿಟ್ಸ್ ಜೋರಾಗುತ್ತ ಹೋಯಿತು. ಮನುಷ್ಯರಲ್ಲೂ ಕೆಲವರಿಗೆ ಮುಂದೆ ಸ್ನಾನವಿಲ್ಲದ ಹೊತ್ತಿನಲ್ಲೂ ಬರತೊಡಗುತ್ತದೆ. ಆದ್ದರಿಂದ ‘ಬಚ್ಚಲಲ್ಲಿ ತಾನೆ, ಬಿಡು’ ಅನ್ನಬಾರದು.

ಇದಕ್ಕೆ ಉಪಾಯ ಕಷ್ಟದ್ದಲ್ಲ. ನೀರು ಉಗುರುಬೆಚ್ಚಗೆ ಇರಲಿ. ಮೊದಲು ಮೈಗೆ, ಕೊನೆಗೆ ತಲೆಗೆ ನಿಧಾನವಾಗಿ ಹುಯ್ಯಿರಿ. ಬಚ್ಚಲ ಚಿಲಕ ಹಾಕಬೇಡಿ. ಸಾಲದಿದ್ದರೆ ಸ್ನಾನಕ್ಕೆ ಮುಂಚೆ ತೆಗೆದುಕೊಳ್ಳುವ ಮಾತ್ರೆಯನ್ನು ವೈದ್ಯರು ಬರೆದುಕೊಡ್ತಾರೆ.

ಉಳಿದ ಮೂರ್ಛೆರೋಗಕ್ಕೆ ಯಳಂದೂರಿನ ಉದಾಹರಣೆ ನೋಡಿ. ಆಗ ಅದು ಮೈಸೂರು ಜಿಲ್ಲೆ, ಈಗ ಚಾಮರಾಜನಗರ ಜಿಲ್ಲೆ. 1990ರ ಸುಮಾರಿಗೆ ಡಾ. ಮಣಿಯವರ ತಂಡ ಅಲ್ಲಿ ಸುಮಾರು 65 ಸಾವಿರ ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿತು. ಸಿಕ್ಕ ನೂರು ರೋಗಿಗಳಲ್ಲಿ ಸುಮಾರು 7 ಮಂದಿಯದು ಬಿಸಿನೀರಿನ ಮೂರ್ಛೆ. ಫೆನೋಬಾರ್ಬಿಟಾನ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳನ್ನೇ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಫಿಟ್ಸ್ ನಿಂತಿತು. ಕಡಿಮೆ ಸಲ ಫಿಟ್ಸ್ ಬಂದಿದ್ದವರಿಗೆ ಹೆಚ್ಚು ಗುಣ ಕಂಡಿತು. 2001ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ಇದನ್ನು ಪ್ರಕಟಿಸಿತು. ಹಳ್ಳಿಯವರು ಮುಚ್ಚುಮರೆ ಇಲ್ಲದೆ ಹೇಳಿಕೊಂಡದ್ದರಿಂದಲೇ ಈ ತಿಳಿವಳಿಕೆ ಲೋಕಕ್ಕೆ ದೊರೆಯಿತು.

ಆದರೆ ನಾವು ಊರೂರಲ್ಲಿ ಕಾಣುವುದೇನು? ಆರು ತಿಂಗಳು ಫಿಟ್ಸ್ ಬರಲಿಲ್ಲ, ವಾಸಿಯಾಯ್ತು ಅಂತ ಮಾತ್ರೆ ನಿಲ್ಲಿಸ್ತಾರೆ. ಮಾತ್ರೆ ನುಂಗುತ್ತಿರುವುದರಿಂದಲೇ ಅದು ಬಂದಿಲ್ಲ. ವೈದ್ಯರು ಹೇಳುವವರೆಗೆ ಒಂದು ದಿನವೂ ತಪ್ಪಿಸಬಾರದು. ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಬಸುರಿ ಹೆಂಗಸರೂ ತಾವಾಗಿ ಬಿಡದೆ ವೈದ್ಯರನ್ನು ಕೇಳಬೇಕು.

ಯಾರಾದರೂ ಬಿದ್ದರೆ ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಬೇಡ. ಒಲೆ, ಬಾವಿಯಿಂದ ದೂರ ಸರಿಸಿ, ತಲೆಯಡಿ ಬಟ್ಟೆ ಇಟ್ಟು ಪಕ್ಕಕ್ಕೆ ಹೊರಳಿಸಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ.

ಹೆಣ್ಣುಮಕ್ಕಳ ಮದುವೆ ತಪ್ಪೀತೆಂಬ ಭಯವೇ ಮುಚ್ಚಿಡಲು ದೊಡ್ಡ ಕಾರಣ. ಹಿಂದೂ ವಿವಾಹ ಕಾಯಿದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ಮೂರ್ಛೆರೋಗದ ಮಾತನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಕಾನೂನು ಬಿಟ್ಟದ್ದನ್ನು ನಾವೇಕೆ ಹಿಡಿದುಕೊಂಡಿರಬೇಕು?

ಕಡೆಯದಾಗಿ ಸಂಘಕ್ಕೆ ಒಂದು ಮಾತು. ಒಬ್ಬರ ಕಷ್ಟಕ್ಕೆ ಹತ್ತು ಮಂದಿ ಹೆಗಲು ಕೊಡುವುದೇ ಸಹಕಾರ. ತಿಂಗಳಿಗೊಂದು ದಿನ ಈ ಊರಿನ ರೋಗಿಗಳು ಒಟ್ಟಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಮಾತ್ರೆ ತರಲು ಸಂಘ ಒಂದು ಗಾಡಿಯ ಏರ್ಪಾಡು ಮಾಡಲಿ. ಸಾಲದ ಕಂತು ತಪ್ಪಬಾರದೆಂದು ನೆನಪಿಸುವ ಕಾರ್ಯದರ್ಶಿಗಳು ಮಾತ್ರೆಯ ಕಂತನ್ನೂ ನೆನಪಿಸಲಿ. ಸಂಘ ಇನ್ನೂ ನೂರು ವರ್ಷ ಬಾಳಲಿ.