ಗಣಕಯಂತ್ರದ ಕೇಡು ಮತ್ತು ಬರಹದ ರಕ್ಷಣೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಲ್ಲಿ ಕನ್ನಡದ ಅಧ್ಯಾಪಕರು ಎದ್ದು ನಿಂತರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವರೆಂದು ಸಭೆಯು ನಿರೀಕ್ಷಿಸುವುದು ಸಹಜವೇ ಸರಿ. ಇಂದು ನಾವು ಎತ್ತಿಕೊಂಡಿರುವ ವಿಷಯ ಬೇರೆ. ಗಣಕಯಂತ್ರ ಕೆಟ್ಟಾಗ ದೋಷವನ್ನು ಗುರುತಿಸುವ ಬಗೆ ಯಾವುದು, ಅದರೊಳಗಿನ ಬರಹಗಳನ್ನು ಉಳಿಸಿಕೊಳ್ಳುವ ದಾರಿ ಯಾವುದು ಎಂಬುದೇ ಆ ವಿಷಯ. ಇದು ಕನ್ನಡಕ್ಕೆ ಹೊರತಾದುದೆಂದು ಯಾರೂ ಭಾವಿಸಬಾರದು. 1956ನೆಯ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರ ಬಾಳು ಬಹುಮಟ್ಟಿಗೆ ಕಾಗದಪತ್ರಗಳನ್ನು ಅವಲಂಬಿಸಿದೆ. ಸರಕಾರಕ್ಕೆ ಸಲ್ಲಿಸಿದ ಮನವಿಗಳು, ಶಾಲೆಗಳ ಮಕ್ಕಳ ಪಟ್ಟಿಗಳು, ಹಳೆಯ ಸಂಚಿಕೆಗಳು, ಯಕ್ಷಗಾನ ಪ್ರಸಂಗಗಳ ಕೈಬರಹದ ಪ್ರತಿಗಳು, ಹಿರಿಯರ ಭಾವಚಿತ್ರಗಳು—ಇವೆಲ್ಲ ಇಂದು ಕಪಾಟಿನಿಂದ ಗಣಕಯಂತ್ರದೊಳಕ್ಕೆ ಹೋಗಿ ಕುಳಿತಿವೆ. ಅಚ್ಚಾದ ಪುಸ್ತಕವೊಂದು ಇಲ್ಲಿ ಕಳೆದರೆ ಮೈಸೂರಿನಲ್ಲಿ ಸಿಕ್ಕೀತು; ನಮ್ಮ ಮನೆಯ, ನಮ್ಮ ಸಂಘದ ಕಡತ ಕಳೆದರೆ ಅದು ಬೇರೆಲ್ಲಿಯೂ ಸಿಕ್ಕುವುದಿಲ್ಲ.

ಕೇರಳದ ಶಾಲೆಗಳಲ್ಲಿ ಗಣಕ ಶಿಕ್ಷಣಕ್ಕಾಗಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾಯಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಗಿ ಬೆಳೆಯಿತು. ಈ ಯೋಜನೆಯ ಗಣಕಯಂತ್ರಗಳು ನಡೆಯುವುದು ಗ್ನೂ-ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಿಂದ. ಆದುದರಿಂದ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಲಿನಕ್ಸ್ ಎಂಬ ಹೆಸರು ಹೊಸದಲ್ಲ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ನರು ಗ್ನೂ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸರು ಅದಕ್ಕೆ ಹೊಂದುವ ತಿರುಳನ್ನು ರಚಿಸಿ ಲೋಕದ ಮುಂದಿಟ್ಟರು. ಈ ವ್ಯವಸ್ಥೆಯಲ್ಲಿ ಎರಡು ಗುಣಗಳುಂಟು: ಯಂತ್ರವು ತನ್ನ ಕಾಯಿಲೆಯನ್ನು ಮುಚ್ಚಿಡದೆ ಹೇಳಿಕೊಳ್ಳುತ್ತದೆ, ಚಿಕಿತ್ಸೆಗೆ ಬೇಕಾದ ಉಪಕರಣಗಳು ಬೆಲೆಯಿಲ್ಲದೆ ದೊರೆಯುತ್ತವೆ.

ಮೊದಲು ತಿಳಿಯಬೇಕಾದುದು ಒಂದು ಭೇದ. ಯಂತ್ರ ಬೇರೆ, ಅದರೊಳಗಿನ ಬರಹ ಬೇರೆ. ದೀಪ ಆರಿದರೆ ಪುಸ್ತಕ ನಾಶವಾಗುವುದಿಲ್ಲ, ಓದಲಾಗುವುದಿಲ್ಲ, ಅಷ್ಟೆ. ಪವರ್ ಸಪ್ಲೈ ಸುಟ್ಟಿರಬಹುದು, ರ‍್ಯಾಮ್ ಕೆಟ್ಟಿರಬಹುದು, ಮದರ್‌ಬೋರ್ಡ್ ಸತ್ತಿರಬಹುದು. ಆದರೆ ಬರಹವಿರುವ ಹಾರ್ಡ್ ಡಿಸ್ಕ್ ಸುಸ್ಥಿತಿಯಲ್ಲಿದ್ದರೆ ಅದನ್ನು ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿ ಎಲ್ಲವನ್ನೂ ಓದಬಹುದು. ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕಿದ್ದರೆ ಮಾತ್ರ ಅದರ ಗುಟ್ಟುಪದ ನೆನಪಿರಬೇಕು. ಈ ಭೇದವನ್ನರಿಯದೆ ‘ಕಂಪ್ಯೂಟರ್ ಹೋಯಿತು’ ಎಂದು ಡಿಸ್ಕನ್ನೂ ಸೇರಿಸಿ ಗುಜರಿಗೆ ಕೊಡುವವರುಂಟು. ಅಂಥವರು ಮನೆಯ ಬಾಗಿಲು ಮುರಿಯಿತೆಂದು ಮನೆಯನ್ನೇ ಮಾರುವವರಂತೆ.

ವೈದ್ಯನು ನಾಡಿ ಹಿಡಿಯುವಂತೆ ಯಂತ್ರವನ್ನೂ ಕ್ರಮವಾಗಿ ಪರೀಕ್ಷಿಸಬೇಕು. ಗುಂಡಿ ಒತ್ತಿದಾಗ ದೀಪವೂ ಇಲ್ಲ, ಸದ್ದೂ ಇಲ್ಲವೆಂದರೆ ಗೋಡೆಯ ಪ್ಲಗ್, ತಂತಿ, ಪವರ್ ಸಪ್ಲೈಗಳನ್ನು ಆ ಕ್ರಮದಲ್ಲಿಯೇ ನೋಡಬೇಕು. ಫ್ಯಾನು ತಿರುಗುತ್ತದೆ, ತೆರೆ ಮಾತ್ರ ಕಪ್ಪಾಗಿದೆ ಎಂದಾದರೆ ತೆರೆಯ ಕೇಬಲ್ ಬಿಗಿಯಾಗಿದೆಯೇ ಎಂದು ನೋಡಿ, ಬಳಿಕ ರ‍್ಯಾಮಿನ ಪಟ್ಟಿಯನ್ನು ಶಂಕಿಸಬೇಕು. ಕರಾವಳಿಯ ಮಳೆಗಾಲದ ತೇವಕ್ಕೆ ಅದರ ತುದಿಯ ಲೋಹ ಮಾಸುವುದುಂಟು. ವಿದ್ಯುತ್ತನ್ನು ಸಂಪೂರ್ಣ ಕಳಚಿ, ಪಟ್ಟಿಯನ್ನು ತೆಗೆದು, ಮೆತ್ತನೆಯ ರಬ್ಬರಿನಿಂದ ಆ ತುದಿಯನ್ನು ಹಗುರವಾಗಿ ಉಜ್ಜಿ, ಪುಡಿಯನ್ನು ಒರಸಿ ಮತ್ತೆ ಕೂಡಿಸಿದರೆ ಅನೇಕ ಸಲ ಯಂತ್ರ ಎದ್ದು ಕೂರುತ್ತದೆ. ದಿನಾಂಕವು ಪದೇಪದೇ ಹಲವು ವರ್ಷ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಮುಗಿದಿದೆಯೆಂದು ತಿಳಿಯತಕ್ಕದ್ದು. ಇಂಟರ್‌ನೆಟ್ಟಿನ ಅನೇಕ ತಾಣಗಳು ತೆರೆಯದಿರುವುದಕ್ಕೂ ಈ ತಪ್ಪು ದಿನಾಂಕವೇ ಕಾರಣವಾಗಿರಬಹುದು. ಸ್ವಲ್ಪ ಹೊತ್ತು ನಡೆದು ಬಿಸಿಯಾಗಿ ನಿಲ್ಲುವ ಯಂತ್ರದಲ್ಲಿ ಫ್ಯಾನಿಗೆ ಕಟ್ಟಿದ ಧೂಳನ್ನು ಹುಡುಕಬೇಕು. ಕಾರಣ ತಿಳಿಯದಂತೆ ಆಗಾಗ ಸ್ತಬ್ಧವಾಗುವ ಯಂತ್ರಕ್ಕೆ ಮೆಮ್‌ಟೆಸ್ಟ್ ಎಂಬ ಪರೀಕ್ಷೆಯನ್ನು ರಾತ್ರಿಯಿಡೀ ನಡೆಸಬೇಕು. ಅದರಲ್ಲಿ ತಪ್ಪು ಒಂದೇ ಒಂದು ಕಾಣಿಸಿದರೂ ಆ ರ‍್ಯಾಮನ್ನು ನಂಬಬಾರದು. ಏಕೆಂದರೆ ಕೆಟ್ಟ ರ‍್ಯಾಮ್ ಒಳ್ಳೆಯ ಬರಹವನ್ನೂ ಕೆಡಿಸಿ ಡಿಸ್ಕಿಗೆ ಬರೆದೀತು.

ಲಿನಕ್ಸಿನಲ್ಲಿ ಇನ್ನೊಂದು ಅಮೂಲ್ಯವಾದ ಪರೀಕ್ಷೆಯುಂಟು. ಇಡೀ ವ್ಯವಸ್ಥೆಯನ್ನು ಒಂದು ಪೆನ್ ಡ್ರೈವಿನಲ್ಲಿ ಇರಿಸಿ, ಡಿಸ್ಕನ್ನು ಮುಟ್ಟದೆ ಅದರಿಂದಲೇ ಯಂತ್ರವನ್ನು ಎಬ್ಬಿಸಬಹುದು. ಹಾಗೆ ಎಬ್ಬಿಸಿದಾಗ ಯಂತ್ರ ನೆಮ್ಮದಿಯಾಗಿ ನಡೆದರೆ ದೋಷವು ಬಹುಶಃ ಡಿಸ್ಕಿನಲ್ಲಿ ಅಥವಾ ಅದರೊಳಗಿನ ವ್ಯವಸ್ಥೆಯಲ್ಲಿದೆ. ಆಗಲೂ ತೊದಲಿದರೆ ದೋಷ ಬೇರೆ ಅಂಗದ್ದು. ಡಿಸ್ಕಿನಲ್ಲಿ ಎಳ್ಳಷ್ಟೂ ಜಾಗ ಉಳಿಯದಿದ್ದರೂ ಒಳಪ್ರವೇಶ ದೊರೆಯದೆ ಹೋಗುವುದುಂಟು. ಅದು ರೋಗವಲ್ಲ, ಅಜೀರ್ಣ. ಬೇಡದ ಕಡತಗಳನ್ನು ತೆಗೆದರೆ ಸರಿಹೋಗುತ್ತದೆ.

ಡಿಸ್ಕಿನ ರೋಗವನ್ನು ಅರಿಯಲು ಎರಡು ಸಾಧನಗಳಿವೆ. ಡಿ-ಮೆಸೇಜ್ ಎಂಬ ಆಜ್ಞೆ ಕೊಟ್ಟರೆ ಲಿನಕ್ಸಿನ ತಿರುಳು ಬರೆದಿಟ್ಟುಕೊಂಡ ದಿನಚರಿ ತೆರೆಯ ಮೇಲೆ ಮೂಡುತ್ತದೆ. ಅದರಲ್ಲಿ ಡಿಸ್ಕಿನ ಹೆಸರಿನೊಡನೆ ‘ಐ-ಓ ಎರರ್’ ಎಂಬ ಮಾತು ಮತ್ತೆ ಮತ್ತೆ ಕಂಡರೆ ಎಚ್ಚರಗೊಳ್ಳಬೇಕು. ತಪ್ಪು ಹೆಚ್ಚಿದಾಗ ಕೆಲವು ವೇಳೆ ವ್ಯವಸ್ಥೆಯು ತಾನಾಗಿಯೇ ಡಿಸ್ಕನ್ನು ‘ಓದಲು ಮಾತ್ರ’ ಎಂಬ ಸ್ಥಿತಿಗೆ ತರುತ್ತದೆ. ಇದನ್ನು ತೊಂದರೆಯೆಂದು ಬಗೆಯದೆ ಕಾವಲೆಂದು ಬಗೆಯಬೇಕು. ಎರಡನೆಯದು ಸ್ಮಾರ್ಟ್‌ಸಿಟಿಎಲ್. ಹಾರ್ಡ್ ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ. ಅದನ್ನು ಈ ಉಪಕರಣ ಓದಿ ಹೇಳುತ್ತದೆ. ಅಲ್ಲಿ ‘ತೇರ್ಗಡೆ’ ಎಂಬ ಮಾತನ್ನಷ್ಟೇ ನೋಡಿ ಸಮಾಧಾನಪಡಬಾರದು. 5ನೆಯ ಸಾಲು ಕೆಟ್ಟು ಬದಲಾಯಿಸಲ್ಪಟ್ಟ ಖಂಡಗಳ ಎಣಿಕೆ, 197ನೆಯದು ಓದಲು ತಡವರಿಸುತ್ತಿರುವ ಖಂಡಗಳದು, 198ನೆಯದು ಸರಿಪಡಿಸಲಾಗದವುಗಳದು. ಇವು ಸೊನ್ನೆಯಿಂದ ಮೇಲೇರುತ್ತಿದ್ದರೆ ಆ ಡಿಸ್ಕಿನ ಸೇವೆ ಮುಗಿಯುತ್ತ ಬಂದಿದೆಯೆಂದು ಎಣಿಸಿ ಆ ದಿನವೇ ಪ್ರತಿ ಮಾಡಿಕೊಳ್ಳಬೇಕು. 199ನೆಯ ಸಾಲೊಂದೇ ಏರುತ್ತಿದ್ದರೆ ಹೆಚ್ಚಾಗಿ ದೋಷ ಡಿಸ್ಕಿನದಲ್ಲ, ಕೇಬಲ್ಲಿನದು. ಅದನ್ನು ಬದಲಾಯಿಸಿದರೆ ಸಾಕಾದೀತು.

ಇನ್ನು ಬರಹದ ಉದ್ಧಾರದ ವಿಚಾರ. ಇಲ್ಲಿ ನಮಗೆ ಮೇಲ್ಪಂಕ್ತಿಯಾಗಿರುವವರು ಓಲೆಗರಿಯ ಸಂಪಾದಕರು. ಹುಳು ತಿಂದ ತಾಳೆಗರಿಯ ಕಟ್ಟು ಕೈಗೆ ಬಂದಾಗ ವಿವೇಕಿಯಾದ ಸಂಪಾದಕನು ಏನು ಮಾಡುತ್ತಾನೆ? ಮೂಲದ ಮೇಲೆ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಗರಿಗಳನ್ನು ಮತ್ತೆ ಮತ್ತೆ ಮಗುಚುವುದಿಲ್ಲ. ಸುಲಭವಾಗಿ ಓದಬರುವುದನ್ನೆಲ್ಲ ಮೊದಲು ಪ್ರತಿ ಮಾಡಿಕೊಂಡು, ಓದಲಾಗದ ಕಡೆ ಜಾಗ ಬಿಟ್ಟು ಗುರುತು ಹಾಕಿ, ಕೊನೆಗೆ ಆ ಗುರುತಿನ ಜಾಗಗಳಿಗಷ್ಟೇ ಮರಳಿ ಬರುತ್ತಾನೆ. ತಿದ್ದುಪಡಿಯೇನಿದ್ದರೂ ಪ್ರತಿಯ ಮೇಲೆಯೇ ಹೊರತು ಮೂಲದ ಮೇಲಲ್ಲ.

ಸಾಯುತ್ತಿರುವ ಡಿಸ್ಕಿನ ಚಿಕಿತ್ಸೆಯೂ ಅಕ್ಷರಶಃ ಹೀಗೆಯೇ. ಅದಕ್ಕಾಗಿರುವ ಉಪಕರಣ ಗ್ನೂ ಡಿಡಿರೆಸ್ಕ್ಯೂ. ಇದು ಕೆಟ್ಟ ಡಿಸ್ಕಿನಲ್ಲಿ ಸಲೀಸಾಗಿ ಓದಬರುವ ಭಾಗಗಳನ್ನು ಮೊದಲು ನಕಲು ಮಾಡುತ್ತದೆ; ತೊಡಕಿನ ಜಾಗ ಬಂದರೆ ಅಲ್ಲಿ ಹಟ ಹಿಡಿಯದೆ ಹಾರಿ ಮುಂದೆ ಹೋಗುತ್ತದೆ; ಎಲ್ಲಿ ಎಷ್ಟು ಬಿಟ್ಟೆನೆಂಬುದನ್ನು ನಕಾಶೆಯ ಕಡತವೊಂದರಲ್ಲಿ ಬರೆದಿಡುತ್ತದೆ. ಕೆಲಸ ನಡುವೆ ನಿಂತರೂ ಆ ನಕಾಶೆಯ ನೆರವಿನಿಂದ ನಿಂತಲ್ಲಿಂದಲೇ ಮುಂದುವರಿಸಬಹುದು. ಮೊದಲ ಸುತ್ತು ಮುಗಿದ ಬಳಿಕ ಬಿಟ್ಟ ಜಾಗಗಳನ್ನು ಎರಡು ಮೂರು ಸಲ ಪ್ರಯತ್ನಿಸುವಂತೆ ಆಜ್ಞೆ ಕೊಡಬೇಕು. ಪ್ರತಿಗೆಂದು ಇರಿಸಿದ ಡಿಸ್ಕು ಮೂಲದಷ್ಟಾದರೂ ದೊಡ್ಡದಿರತಕ್ಕದ್ದು. ಮೂಲ ಯಾವುದು, ಪ್ರತಿ ಯಾವುದು ಎಂಬುದನ್ನು ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆಯಿಂದ ಎರಡು ಸಲ ತಾಳೆ ನೋಡಿದ ಮೇಲೆಯೇ ಮುಂದುವರಿಯಬೇಕು. ಹೆಸರು ಅದಲುಬದಲಾದರೆ ಖಾಲಿ ಡಿಸ್ಕಿನ ಶೂನ್ಯವೇ ಮೂಲದ ಮೇಲೆ ಬರೆಯಲ್ಪಡುವುದು.

ಮಾಡಬಾರದ ಕೆಲಸಗಳನ್ನೂ ಸ್ಪಷ್ಟವಾಗಿ ಹೇಳಬೇಕು. ಕೆಟ್ಟ ಡಿಸ್ಕಿನ ಮೇಲೆ ಎಫ್‌ಎಸ್‌ಸಿಕೆ ಎಂಬ ದುರಸ್ತಿಯ ಆಜ್ಞೆಯನ್ನು ನಡೆಸಬಾರದು. ಅದು ಮೂಲವನ್ನೇ ತಿದ್ದುತ್ತದೆ. ಆ ಕೆಲಸ ಪ್ರತಿಯ ಮೇಲೆ ನಡೆಯಲಿ. ಉದ್ಧಾರದ ಉಪಕರಣಗಳನ್ನೂ ಉದ್ಧರಿಸಿದ ಕಡತಗಳನ್ನೂ ಅದೇ ಡಿಸ್ಕಿಗೆ ತುಂಬಬಾರದು. ಡಿಸ್ಕು ಕಟಕಟ ಸದ್ದು ಮಾಡುತ್ತಿದ್ದರೆ ಒಡನೆಯೇ ವಿದ್ಯುತ್ತು ಕಳಚಿ, ಬರಹ ಬೆಲೆಯುಳ್ಳದ್ದಾದರೆ ತಜ್ಞರ ಕೈಗೊಪ್ಪಿಸಬೇಕು. ಮನೆಯಲ್ಲಿ ಅದರ ಮುಚ್ಚಳ ತೆರೆಯುವುದು ಸರ್ವಥಾ ಕೂಡದು. ನಿಮಿಷಕ್ಕೆ 5400 ಅಥವಾ 7200 ಸಲ ಸುತ್ತುವ ತಟ್ಟೆಯ ಮೇಲೆ ಓದುವ ತಲೆಯು ಕೂದಲಿನ ದಪ್ಪಕ್ಕಿಂತ ಸಾವಿರಾರು ಪಾಲು ಕಡಮೆಯಾದ ಅಂತರದಲ್ಲಿ ತೇಲುತ್ತಿರುತ್ತದೆ. ಅಲ್ಲಿ ಧೂಳಿನ ಒಂದು ಕಣವೂ ಬಂಡೆಯಂತೆ. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಬದುಕುವುದೆಂಬ ಮಾತನ್ನೂ ನಂಬಬೇಡಿ; ಒಳಗೆ ಹನಿಗಟ್ಟುವ ತೇವವೇ ಅದಕ್ಕೆ ಮುಳುವಾಗುತ್ತದೆ.

ಡಿಸ್ಕು ಗಟ್ಟಿಯಾಗಿಯೇ ಇದ್ದು, ಕೈತಪ್ಪಿ ಕಡತ ಅಳಿಸಿಹೋದ ಸಂದರ್ಭ ಬೇರೆ. ಅಳಿಸಿದೊಡನೆ ಬರಹ ಮಾಯವಾಗುವುದಿಲ್ಲ. ವಿಷಯಸೂಚಿಯಿಂದ ಹೆಸರು ಹೋಗುತ್ತದೆ, ಪುಟಗಳು ಹೊಸ ಬರಹ ಮೇಲೆ ಬೀಳುವವರೆಗೂ ಉಳಿದಿರುತ್ತವೆ. ಆದುದರಿಂದ ಆ ಕ್ಷಣವೇ ಯಂತ್ರವನ್ನು ನಿಲ್ಲಿಸಿ, ಪೆನ್ ಡ್ರೈವಿನಿಂದ ಎಬ್ಬಿಸಿ, ಉದ್ಧಾರಕ್ಕೆ ತೊಡಗಬೇಕು. ಟೆಸ್ಟ್‌ಡಿಸ್ಕ್ ಎಂಬುದು ಕಳೆದುಹೋದ ವಿಭಾಗಗಳ ಎಲ್ಲೆಗಳನ್ನು ಹುಡುಕಿಕೊಡುತ್ತದೆ. ಅದರ ಜೊತೆಯ ಫೋಟೋರೆಕ್ ಎಂಬುದು ವಿಷಯಸೂಚಿಯನ್ನೇ ನೋಡದೆ, ಚಿತ್ರಕ್ಕೆ ಚಿತ್ರದ ಮೊದಲಕ್ಷರ, ಪತ್ರಕ್ಕೆ ಪತ್ರದ ಮೊದಲಕ್ಷರ ಎಂಬಂತೆ ಪ್ರತಿಯೊಂದು ಬಗೆಯ ಕಡತದ ಆರಂಭದ ಗುರುತಿನಿಂದ ಪುಟಗಳನ್ನು ಆಯುತ್ತದೆ. ಹೀಗೆ ಸಿಕ್ಕಿದ ಕಡತಗಳಿಗೆ ಹಳೆಯ ಹೆಸರಿರುವುದಿಲ್ಲ; ಅಂಕಿತವಿಲ್ಲದ ವಚನಗಳಂತೆ ಒಂದೊಂದನ್ನೇ ಓದಿ ಗುರುತಿಸಬೇಕು. ಆದರೆ ಈಗಿನ ಎಸ್‌ಎಸ್‌ಡಿಗಳಲ್ಲಿ ಈ ಆಸೆ ಕಡಮೆ. ಅಳಿಸಿದ ಜಾಗವನ್ನು ನಿಜವಾಗಿಯೇ ಬರಿದುಮಾಡಿಕೊಳ್ಳುವ ಟ್ರಿಮ್ ಎಂಬ ಏರ್ಪಾಡು ಅವುಗಳಲ್ಲಿದೆ. ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆಗಳು ಅದನ್ನು ವಾರಕ್ಕೊಮ್ಮೆ ತಾವಾಗಿ ನಡೆಸುತ್ತವೆ.

ಕನ್ನಡಿಗರು ವಿಶೇಷವಾಗಿ ತಿಳಿಯಬೇಕಾದ ಮಾತೊಂದಿದೆ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಲಿನಕ್ಸಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿಕೊಂಡಂತೆ ಕಾಣುತ್ತವೆ. ಅದನ್ನು ಕಂಡು ಕಡತ ಕೆಟ್ಟಿತೆಂದು ಎಸೆಯಬೇಡಿ. ಬರಹ ಸುರಕ್ಷಿತವಾಗಿದೆ, ವೇಷ ಮಾತ್ರ ಬೇರೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಿದರೆ ಕನ್ನಡವು ಕನ್ನಡವಾಗಿಯೇ ಎದ್ದು ಬರುತ್ತದೆ. ಹಳೆಯ ಸಂಚಿಕೆಗಳ ಕಡತವುಳ್ಳವರು ಈ ಪರಿವರ್ತನೆಯನ್ನು ತಡಮಾಡದೆ ಮಾಡಿಸುವುದು ಲೇಸು.

ಆದರೂ ಸತ್ತ ಡಿಸ್ಕಿನಿಂದ ಬರಹವನ್ನು ಎತ್ತುವುದು ಆಪತ್ಕಾಲದ ವೈದ್ಯ. ನಿಜವಾದ ಆರೋಗ್ಯರಕ್ಷಣೆ ಪ್ರತಿ ಮಾಡಿಸುವುದರಲ್ಲಿದೆ. ಇದನ್ನು ಕನ್ನಡಿಗರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಆ ಕಾವ್ಯ ಇಂದು ನಮ್ಮ ಕೈಯಲ್ಲಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ನಮಗೆ ದೊರೆತಿಲ್ಲ; ಆಕೆಯ ಆಶ್ರಯ ಪಡೆದ ರನ್ನನ ಪರಶುರಾಮಚರಿತವೂ ಚಕ್ರೇಶ್ವರಚರಿತವೂ ದೊರೆತಿಲ್ಲ. ಕವಿಯ ಪ್ರತಿಭೆಯೊಂದೇ ಕಾವ್ಯವನ್ನು ಉಳಿಸಲಾರದು; ಪ್ರತಿ ಮಾಡಿಸುವವರ ಶ್ರದ್ಧೆಯೂ ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

ಇಂದು ನಮಗೆ ಸಾವಿರ ಪ್ರತಿ ಬೇಕಿಲ್ಲ, ಮೂರು ಸಾಕು. ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಸ್ಥಳದಲ್ಲಿರಲಿ. ಒಂದೇ ಮನೆಯ ಒಂದೇ ಕಪಾಟಿನಲ್ಲಿಟ್ಟ ಮೂರು ಡಿಸ್ಕುಗಳು ಒಂದೇ ಸಿಡಿಲಿಗೆ, ಒಂದೇ ಸೋರುವ ಮಾಡಿಗೆ ತುತ್ತಾಗಬಹುದು. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ತಾನಾಗಿ ಅಳಿಯುವಂಥ ಏರ್ಪಾಡನ್ನು ಪ್ರತಿಯೆಂದು ಎಣಿಸಬಾರದು. ಮತ್ತು ತೆರೆದು ಓದಿ ನೋಡದ ಪ್ರತಿ ಇದ್ದೂ ಇಲ್ಲದಂತೆಯೇ.

ಆದುದರಿಂದ ಸಂಘದ ಮುಂದೆ ನಾವು ಇಡುವ ಬಿನ್ನಹವಿಷ್ಟೆ. ಪ್ರತಿ ವಾರ್ಷಿಕೋತ್ಸವದ ಮುನ್ನಾದಿನ ಸಂಘದ ಕಡತಗಳ ಮೂರು ಪ್ರತಿಗಳನ್ನೂ ಹೊರತೆಗೆದು, ತೆರೆದು, ಓದಿ, ವರ್ಷದ ಹೊಸ ಬರಹವನ್ನು ಸೇರಿಸಿ ಮತ್ತೆ ಇಡುವ ಪದ್ಧತಿಯನ್ನು ಹಾಕಿಕೊಳ್ಳೋಣ. ಶಾಲೆಯಲ್ಲಿ ಲಿನಕ್ಸನ್ನು ಕಲಿತ ಮಕ್ಕಳಿಗೆ ಈ ಕೆಲಸವನ್ನು ಒಪ್ಪಿಸೋಣ. ಅದರಿಂದ ಅವರ ವಿದ್ಯೆಗೂ ಒಂದು ಸಾರ್ಥಕ್ಯ, ಹಿರಿಯರ ಬರಹಗಳ ಪರಿಚಯವೂ ಒಂದು ಲಾಭ. ಮನೆಮನೆಯಲ್ಲಿರುವ ಹಳೆಯ ಡಿಸ್ಕುಗಳನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಪರೀಕ್ಷಿಸಿ ನೋಡುವ ವ್ಯವಸ್ಥೆಯನ್ನೂ ಮಾಡೋಣ. ಗಡಿಯಲ್ಲಿ ಕನ್ನಡ ಉಳಿಯುವುದು ಘೋಷಣೆಯಿಂದ ಮಾತ್ರವಲ್ಲ. ಇಂಥ ಸಣ್ಣ, ಸದ್ದಿಲ್ಲದ, ವರ್ಷ ವರ್ಷವೂ ತಪ್ಪದೆ ನಡೆಯುವ ಕೆಲಸಗಳಿಂದ.