ಊರು ಬೆಳೆದಾಗ ಕೊಟ್ಟಿಗೆಯ ಪಾಡು

(ಚಿತ್ರದುರ್ಗ ನಗರದ ಸುತ್ತಲಿನ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಇವತ್ತು ರಾಸುಗಳ ಕಾಯಿಲೆಗಿಂತ ಮೊದಲು ಊರಿನ ವಿಷಯ ಮಾತನಾಡಬೇಕಾಗಿದೆ. ಚಿತ್ರದುರ್ಗದ ಆಸುಪಾಸಿನಲ್ಲಿ ಈಚೆಗೆ ನಾವು ಚಿಕಿತ್ಸೆ ಕೊಡುವ ಎಷ್ಟೋ ಕಾಯಿಲೆಗಳು ಊರು ಬೆಳೆದ ರೀತಿಯಿಂದಲೇ ಹುಟ್ಟಿದವು.

ನಮ್ಮದು ಕೋಟೆಯ ಊರು. ಏಳು ಸುತ್ತಿನ ಕೋಟೆ, ಮದಕರಿ ನಾಯಕರು, 1779ರಲ್ಲಿ ದುರ್ಗ ಹೈದರಾಲಿಯ ವಶವಾದದ್ದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಇದು ದನಗಾಹಿಗಳ ಸೀಮೆಯೂ ಹೌದು. ಇಲ್ಲಿ ಆಳಿದ ನಾಯಕರು ಬೇಡ ಸಮುದಾಯದವರು. ಅದೇ ಸಮುದಾಯದ ಮ್ಯಾಸ ನಾಯಕರು ಚಳ್ಳಕೆರೆ, ಮೊಳಕಾಲ್ಮುರು ಕಡೆ ಇಂದಿಗೂ ದೇವರ ಎತ್ತುಗಳ ಹಿಂಡು ಸಾಕುತ್ತಾರೆ. ಹಿಂಡಿನ ಜೊತೆ ಕಿಲಾರಿ ಇರುತ್ತಾನೆ. ಹಿರಿಯೂರು ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನನ್ನು ನೆನೆಯುವಾಗ ದನಗಳ ಮಾತು ಬಂದೇ ಬರುತ್ತದೆ. ಹಸು ಕಟ್ಟುವುದು ನಿನ್ನೆ ಮೊನ್ನೆ ಸಾಲ ಕೊಟ್ಟು ಕಲಿಸಿದ ಕಸುಬಲ್ಲ.

ದನ ಇದ್ದಲ್ಲಿ ನೀರು ಬೇಕು. ಹಿಂದಿನವರು ಅದನ್ನು ಚೆನ್ನಾಗಿ ಅರಿತಿದ್ದರು. ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ, 4ನೆಯ ಶತಮಾನದ್ದು. ಅದು ಹೇಳುವುದು ಒಂದು ಕೆರೆಯ ವಿಷಯ. ಕೋಟೆಯ ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡ ತುಂಬಿ, ಕೆಳಗೆ ಊರೊಳಗಿನ ಸಿಹಿನೀರು ಹೊಂಡಕ್ಕೂ ಸಂತೆಹೊಂಡಕ್ಕೂ ಇಳಿಯುವಂತೆ ಕಟ್ಟಿದ್ದರು. ಊರು ದೊಡ್ಡದಾದಂತೆ ಈ ನೀರು ಸಾಲದಾಯಿತು. ಈಗ ನಗರಕ್ಕೆ ಕುಡಿಯುವ ನೀರು ಸೂಳೆಕೆರೆಯಿಂದಲೂ ವಾಣಿವಿಲಾಸ ಸಾಗರದಿಂದಲೂ ಬರುತ್ತದೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಅಂತೂ ಎಷ್ಟೋ ದೂರದಿಂದ ಊರಿಗೆ ನೀರು ತಂದರು. ಹುಲ್ಲನ್ನು ಮಾತ್ರ ಯಾರೂ ತರಲಿಲ್ಲ.

ಹೆದ್ದಾರಿಗಳು ಕೂಡುವ ಊರು ಇದು, ಬೆಳೆಯುವುದು ಸಹಜ. ಬಡಾವಣೆಗಳು ಎದ್ದವು, ನಮ್ಮ ಸದಸ್ಯರೇ ಕೆಲವರು ನಿವೇಶನ ಮಾಡಿ ಮಾರಿದರು, ಅವರನ್ನು ದೂರುವುದಿಲ್ಲ. ಆದರೆ ದನ ಮೇಯುತ್ತಿದ್ದ ಬಯಲು ಹೋಯಿತು. ಚಳ್ಳಕೆರೆಯ ಕುದಾಪುರದ ಬಳಿ ಅಮೃತಮಹಲ್ ಕಾವಲು ಸೇರಿದಂತೆ ಸುಮಾರು 10,000 ಎಕರೆ ಸಂಶೋಧನಾ ಸಂಸ್ಥೆಗಳ ಪಾಲಾಗಿದೆ. ಅಷ್ಟು ದೊಡ್ಡ ಕಾವಲೇ ಹೋದ ಮೇಲೆ ನಮ್ಮ ಊರಂಚಿನ ನಾಲ್ಕಾರು ಎಕರೆ ಗೋಮಾಳ ಯಾವ ಲೆಕ್ಕ ಎಂದು ಕೈಚೆಲ್ಲುವವರಿದ್ದಾರೆ. ಲೆಕ್ಕವಿದೆ. ಭೂಕಂದಾಯ ನಿಯಮದ ಪ್ರಕಾರ ಗ್ರಾಮದ 100 ರಾಸುಗಳಿಗೆ 30 ಎಕರೆಯಂತೆ ಗೋಮಾಳ ಕಾದಿರಿಸಬೇಕು. ರಾಸುಗಳ ಸಂಖ್ಯೆ ಗೊತ್ತಾಗುವುದು ಜಾನುವಾರು ಗಣತಿಯಿಂದ. ಗಣತಿಯವರು ಬಂದಾಗ ತೆರಿಗೆ ಹಾಕುತ್ತಾರೇನೋ ಎಂದು ಹೆದರಿ ನಾಲ್ಕು ಹಸುವನ್ನು ಎರಡು ಎಂದು ಬರೆಸಿದರೆ, ಇರುವ ಗೋಮಾಳವೂ ಕಾಗದದ ಮೇಲೆ ಹೆಚ್ಚುವರಿ ಎನಿಸುತ್ತದೆ.

ಇನ್ನು ನಗರದೊಳಗೆ ಬರೋಣ. ಬೆಳಿಗ್ಗೆ ಹಾಲು ಕರೆದು ಹಸುವನ್ನು ಬೀದಿಗೆ ಬಿಡುವ ಪದ್ಧತಿ ಇನ್ನೂ ಇದೆ. ಬಯಲಿದ್ದ ಕಾಲಕ್ಕೆ ಅದು ಸರಿ. ಈಗ ಬೀದಿಯಲ್ಲಿ ಸಿಗುವುದು ಕ್ಯಾರಿಬ್ಯಾಗು. ರಾಜ್ಯದಲ್ಲಿ 2016ರಲ್ಲೇ ನಿಷೇಧವಾಗಿದೆ, ಆದರೂ ಸಂತೆಯ ದಿನ ನೋಡಿ. ಹಸುವಿಗೆ ಗಂಟು ಬಿಚ್ಚಲು ಬರುವುದಿಲ್ಲ, ಒಳಗಿನ ಅನ್ನದ ಆಸೆಗೆ ಚೀಲ ಸಮೇತ ನುಂಗುತ್ತದೆ. ಪ್ಲಾಸ್ಟಿಕ್ ಜೀರ್ಣವಾಗದು, ಸಗಣಿಯಲ್ಲೂ ಹೋಗದು, ದೊಡ್ಡ ಹೊಟ್ಟೆಯಲ್ಲಿ ಹಗ್ಗದಂತೆ ಹೊಸೆದುಕೊಂಡು ಕೂರುತ್ತದೆ. ಹೊಟ್ಟೆ ತುಂಬಿದಂತೆ ಕಾಣುವ ಹಸು ಸೊರಗುತ್ತದೆ, ಪದೇ ಪದೇ ಹೊಟ್ಟೆ ಉಬ್ಬರ, ಹಾಲು ಇಳಿಮುಖ. ಇದಕ್ಕೆ ಔಷಧಿ ಇಲ್ಲ, ಹೊಟ್ಟೆ ಕೊಯ್ದು ಕೈಯಿಂದಲೇ ತೆಗೆಯಬೇಕು. ಬುಟ್ಟಿಗಟ್ಟಲೆ ತೆಗೆದಿದ್ದೇವೆ. ಜೊತೆಗೆ ಮೊಳೆ, ತಂತಿ ಇದ್ದರೆ ಅದು ಹೃದಯದವರೆಗೂ ಚುಚ್ಚಿಕೊಂಡು ಹೋಗಬಹುದು. ಕಟ್ಟಿ ಸಾಕಿದ ಹಸುವೂ ಬಟ್ಟೆ, ಹಗ್ಗ ಅಗಿಯುತ್ತಿದ್ದರೆ ರಂಜಕದ ಕೊರತೆ ಇರಬಹುದು, ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಿ.

ಕಲ್ಯಾಣ ಮಂಟಪದ ಉಳಿದ ಅನ್ನ ಇನ್ನೊಂದು ಕಂಟಕ. ಪುಣ್ಯ ಬರಲಿ ಎಂದು ಅವರು ಸುರಿಯುತ್ತಾರೆ, ಹಿಂಡಿ ಉಳಿಯಿತು ಎಂದು ನಾವು ಸುಮ್ಮನಿರುತ್ತೇವೆ. ಅನ್ನ, ಪಾಯಸ ಒಮ್ಮೆಲೇ ಹೆಚ್ಚಾಗಿ ತಿಂದರೆ ಹೊಟ್ಟೆಯಲ್ಲಿ ಹುಳಿ ಏರಿ, ಒಂದೇ ದಿನದಲ್ಲಿ ಹಸು ಮಲಗಿಬಿಡುತ್ತದೆ. ಕಿವಿ ತಣ್ಣಗಾಗಿ, ಸಗಣಿ ನೀರಾಗಿ ಹುಳಿ ವಾಸನೆ ಬಂದರೆ ತಡಮಾಡಬೇಡಿ. ನುಂಗುವ ಶಕ್ತಿ ಇದ್ದರೆ 100 ಗ್ರಾಂ ಅಡುಗೆ ಸೋಡಾ ನೀರಿನಲ್ಲಿ ಕದಡಿ ನಿಧಾನವಾಗಿ ಕುಡಿಸಿ, ಕೂಡಲೇ ವೈದ್ಯರನ್ನು ಕರೆಸಿ.

ಕಟ್ಟಿ ಸಾಕಿದರೆ ಮೇವೆಲ್ಲಿ ಎಂದು ಕೇಳುತ್ತೀರಿ, ಸರಿಯಾದ ಪ್ರಶ್ನೆಯೇ. ಹೊಳಲ್ಕೆರೆ ಕಡೆ ಮೆಕ್ಕೆಜೋಳವಿದೆ, ಹೊಸದುರ್ಗದ ತೆಂಗಿನ ಸಾಲುಗಳ ನಡುವೆ ನೇಪಿಯರ್ ಹುಲ್ಲು ಬೆಳೆಯಬಹುದು. ಮೆಕ್ಕೆಜೋಳದ ಕಾಳು ಹಾಲು ತುಂಬಿ, ಪೂರ್ತಿ ಗಟ್ಟಿಯಾಗುವ ಮುಂಚೆ ದಂಟು ಸಮೇತ ಕೊಯ್ದು, ಸಣ್ಣಗೆ ಕತ್ತರಿಸಿ, ಗಾಳಿಯಾಡದಂತೆ ಚೀಲದಲ್ಲಿ ತುಳಿದು ಕಟ್ಟಿದರೆ 45 ದಿನದಲ್ಲಿ ರಸಮೇವು ಸಿದ್ಧ. ಕರೆಯುವ ಹಸುವಿಗೆ ಒಣ ಮೇವಿನ ಜೊತೆ ದಿನಕ್ಕೆ 20 ಕೆ.ಜಿ.ಯಂತೆ ತಿಂಗಳಿಗೆ 600 ಕೆ.ಜಿ. ಬೇಕು. ನಗರದಂಚಿನ ಸಂಘ ಕೊಳ್ಳುವುದು, ಹೊಳಲ್ಕೆರೆಯ ಸಂಘ ಕೊಡುವುದು, ನಡುವೆ ದಲ್ಲಾಳಿ ಬೇಡ. ಇದರಲ್ಲಿ ಕಷ್ಟದ್ದೇನೂ ಇಲ್ಲ. ಮುಂಗಾರು ಬಿತ್ತನೆಗೆ ಮೊದಲೇ ಎರಡೂ ಕಡೆಯ ಕಾರ್ಯದರ್ಶಿಗಳು ಕುಳಿತು ಯಾರಿಗೆ ಎಷ್ಟು ಚೀಲ ಎಂದು ಬರೆದುಕೊಳ್ಳಲಿ. ತುಂಬುವ ದಿನ ನಾನೂ ಬರುತ್ತೇನೆ.